ಕ್ಷೇತ್ರಗಳ ಗಡಿಯೂ ನ್ಯಾಯಾಲಯದ ಬಾಗಿಲೂ

2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಬೀರೂರು ವಿಧಾನಸಭಾ ಕ್ಷೇತ್ರವೇ ಇಲ್ಲವಾಯಿತು. ಲೋಕಸಭೆಗೆ ಕಡೂರಿನವರು ಹಾಸನದೊಡನೆಯೂ, ನೆರೆಯ ತರೀಕೆರೆ, ಅಜ್ಜಂಪುರಗಳವರು ಘಟ್ಟದ ಕೆಳಗಿನ ಉಡುಪಿಯೊಡನೆಯೂ ಮತ ನೀಡಬೇಕಾಗಿದೆ. ಭದ್ರಾ ಮೇಲ್ದಂಡೆಯ ಸುರಂಗವನ್ನು ಕೊರೆದಿರುವುದು ಅಜ್ಜಂಪುರದ ಬಳಿ. ಆ ನೀರನ್ನು ನೆಚ್ಚಿರುವ ಒಂದೇ ಬಯಲುಸೀಮೆಯ ಅಹವಾಲನ್ನು ದೆಹಲಿಯಲ್ಲಿ ಇಬ್ಬರು ಸದಸ್ಯರು ಹಂಚಿಕೊಂಡು ಹೇಳಬೇಕು. ಅವರಲ್ಲೊಬ್ಬರಿಗೆ ಕರಾವಳಿಯ ಚಿಂತೆಯೂ ಉಂಟು. ತಲೆಯೆಣಿಕೆಯ ಲೆಕ್ಕ ಸರಿಯಿರಬಹುದು, ನೆಲದ ಲೆಕ್ಕವೇ ಬೇರೆ.

ನ್ಯಾಯಾಲಯಕ್ಕೆ ಹೋಗೋಣವೆಂದರೆ ಸಂವಿಧಾನದ 329ನೆಯ ವಿಧಿಯು ಅಡ್ಡವಾಗಿದೆ. ಪ್ರಕಟವಾದ ಆಜ್ಞೆಯನ್ನು ಪ್ರಶ್ನಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು ಮೇಘರಾಜ್ ಕೊಠಾರಿಯವರ ಮೊಕದ್ದಮೆಯಲ್ಲಿ 1966ರಲ್ಲಿಯೇ ತೀರ್ಪಿತ್ತಿತು. ಗುಜರಾತಿನ ಬಾರ್ಡೋಲಿ ಕ್ಷೇತ್ರದ ಮೀಸಲಾತಿಯನ್ನು ಕುರಿತ ವ್ಯಾಜ್ಯದಲ್ಲಿ, 2024ರ ಜುಲೈ ತಿಂಗಳಿನಲ್ಲಿ, ಆಜ್ಞೆಯು ತೀರ ಸ್ವೇಚ್ಛೆಯದಾಗಿ ಸಂವಿಧಾನದ ಮೌಲ್ಯಗಳಿಗೆ ಒಗ್ಗದಿದ್ದರೆ ಪರಿಶೀಲಿಸಬಹುದೆಂದು ಅದೇ ನ್ಯಾಯಾಲಯವು ಹೇಳಿತು. ತೆರೆದಿರುವುದು ಬಾಗಿಲಲ್ಲ, ಕಿಂಡಿ. ಅನನುಕೂಲವೆಲ್ಲ ಸ್ವೇಚ್ಛಾಚಾರವಲ್ಲವೆಂದು ಸರಕಾರದ ವಕೀಲರು ವಾದಿಸದಿರುವರೇ?

ಆದುದರಿಂದ, ಮುಂದೆ ಆಯೋಗವು ಕರಡನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಿದಾಗ ನಮ್ಮ ಪುರಸಭೆಗಳೂ ವಕೀಲರೂ ರೈತರೂ ನಕ್ಷೆಸಹಿತವಾಗಿ ಅರ್ಜಿ ಸಲ್ಲಿಸಲಿ. ಅಂತಿಮ ಆಜ್ಞೆಯು ಗೆಜೆಟ್ಟಿನಲ್ಲಿ ಅಚ್ಚಾದ ತರುವಾಯ ಬಿನ್ನವತ್ತಳೆ ಬರೆದು ಪ್ರಯೋಜನವಿಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳವರು ಒಂದೇ ಅರ್ಜಿಗೆ ರುಜು ಹಾಕುವುದಾದರೆ ಮತ್ತೂ ಮೇಲು.