ಯಂತ್ರಕ್ಕೆ ಮುಂಚೆ ನಕ್ಷೆ ಬರಲಿ

ಮಡಿಕೇರಿಯ ಸ್ಟೋನ್ ಹಿಲ್‌ನಲ್ಲಿ ನಗರದ ಕಸ ಸುರಿಯುವುದನ್ನು ನಿಲ್ಲಿಸಿ ಎಂದು ಆಸುಪಾಸಿನ ನಿವಾಸಿಗಳು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಪ್ರತಿಭಟಿಸಿದ್ದಾರೆ, ನ್ಯಾಯಾಲಯದ ಬಾಗಿಲನ್ನೂ ತಟ್ಟಿದ್ದಾರೆ. ಇಂಥ ಜಗಳ ಬಿಸಿಯೇರಿದಾಗಲೆಲ್ಲ ನಮ್ಮ ಊರುಗಳಲ್ಲಿ ಎರಡು ಪರಿಹಾರಗಳು ಕೇಳಿಬರುತ್ತವೆ. ಒಂದು, ಬೇರೆಲ್ಲಾದರೂ ಜಾಗ ಹುಡುಕುವುದು. ಇನ್ನೊಂದು, ಕಸದಿಂದ ವಿದ್ಯುತ್ ತಯಾರಿಸುವ ಘಟಕ ತರುವುದು. ಎರಡನೆಯದು ಕಿವಿಗೆ ಇಂಪಾಗಿದೆ. ಆದರೆ ಕೊಡಗಿನ ಬೆಟ್ಟಗಳಿಗೆ ಅದು ಹೊಂದುವುದಿಲ್ಲ. ನಮಗೆ ಮೊದಲು ಬೇಕಿರುವುದು ಯಾವ ಜಾಗ ಯಾವುದಕ್ಕೆ ಎಂದು ಜನರ ಮುಂದೆ ಇಟ್ಟು ಒಪ್ಪಿಸಿದ ಭೂಬಳಕೆಯ ನಕ್ಷೆ.

ಲೆಕ್ಕದಿಂದಲೇ ಶುರುಮಾಡೋಣ. ಬೆಂಗಳೂರಿನ ಹತ್ತಿರದ ಬಿಡದಿಯಲ್ಲಿ ಕಟ್ಟಿರುವ ಇಂಥ ಘಟಕದ ಸಾಮರ್ಥ್ಯ 11.5 ಮೆಗಾವಾಟ್. ಅದಕ್ಕೆ ದಿನಕ್ಕೆ 600 ಟನ್ ಕಸ ಬೇಕು. 2011ರ ಜನಗಣತಿಯ ಪ್ರಕಾರ ಇಡೀ ಕೊಡಗಿನ ಜನಸಂಖ್ಯೆ 5,54,519. ತೋಟದ ಲೈನ್‌ಮನೆಯಿಂದ ಹಿಡಿದು ಪೇಟೆಯವರೆಗೆ ಪ್ರತಿಯೊಬ್ಬರೂ ದಿನಕ್ಕೆ ಅರ್ಧ ಕಿಲೋ ಕಸ ಹಾಕಿದರೂ, ಅದಷ್ಟನ್ನೂ ಹೆಕ್ಕಿ ತಂದರೂ 280 ಟನ್ ದಾಟದು. ಅದರಲ್ಲಿ ದೊಡ್ಡ ಪಾಲು ಅಡುಗೆಮನೆಯ ಹಸಿ ಕಸ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣ ಕಸವೂ ಒದ್ದೆಯೇ. ಒದ್ದೆ ಕಸ ಉರಿಯುವುದಿಲ್ಲ.

ಈ ಪಾಠವನ್ನು ದೇಶ ಬಹಳ ಹಿಂದೆಯೇ ಕಲಿಯಬೇಕಿತ್ತು. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಡೆನ್ಮಾರ್ಕ್ ತಂತ್ರಜ್ಞಾನದಿಂದ ಕಟ್ಟಿದ, ದಿನಕ್ಕೆ 300 ಟನ್ ಕಸ ಸುಡಬೇಕಿದ್ದ ಘಟಕ ಓಡಿದ್ದು ಕೇವಲ 21 ದಿನ. ನಮ್ಮ ಕಸಕ್ಕೆ ಅದು ಬಯಸಿದಷ್ಟು ಉರಿಯುವ ಕಸುವೇ ಇರಲಿಲ್ಲ. ಬೆಂಗಳೂರಿನ ಹೊರಗಿನ ಮಂಡೂರಿಗೂ 8 ಮೆಗಾವಾಟ್ ವಿದ್ಯುತ್ತಿನ ಆಸೆ ತೋರಿಸಲಾಗಿತ್ತು. ವಿದ್ಯುತ್ ಬರಲಿಲ್ಲ, ಕಸ ಮಾತ್ರ ಬರುತ್ತಲೇ ಇತ್ತು. ಊರವರು ರಸ್ತೆಗಿಳಿದು ಹೋರಾಡಿದ ಮೇಲೆ 2014ರ ಕೊನೆಗೆ ಲಾರಿಗಳು ನಿಂತವು. ಅಷ್ಟರಲ್ಲಿ ಅವರ ನೀರು ಕೆಟ್ಟಿತ್ತು.

ಘಟಕ ಸರಿಯಾಗಿ ಓಡಿದರೂ ಬೂದಿ ಉಳಿಯುತ್ತದೆ. ಸುಟ್ಟ ಕಸದ ತೂಕದಲ್ಲಿ ಸುಮಾರು ಕಾಲುಭಾಗ ಬೂದಿಯೇ. ಹೊಗೆಯಿಂದ ಸೋಸಿ ತೆಗೆದ ಬೂದಿಯಲ್ಲಿ ಸೀಸ, ಕ್ಯಾಡ್ಮಿಯಂನಂಥ ವಿಷಲೋಹಗಳಿರುತ್ತವೆ. ಅದನ್ನು ಎಲ್ಲಿ ಹೂಳುವುದು? ಇಲ್ಲಿನ ಹೊಳೆ ಕಾವೇರಿಗೆ ಸೇರದಿದ್ದರೆ ಪಶ್ಚಿಮಕ್ಕೆ ಹರಿಯುವ ಪಯಸ್ವಿನಿ, ಬರಪೊಳೆಯಂಥ ನದಿಗೆ ಸೇರುತ್ತದೆ. ಬೆಟ್ಟದ ತುದಿಯಲ್ಲಿ ಹಾಕಿದ ವಿಷಕ್ಕೆ ಇಳಿಯಲು ಎರಡೂ ದಿಕ್ಕಿನಲ್ಲಿ ದಾರಿಯಿದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2016ರ ಘನ ತ್ಯಾಜ್ಯ ನಿರ್ವಹಣಾ ನಿಯಮಗಳು ಗುಡ್ಡಗಾಡಿಗೆಂದೇ ಪ್ರತ್ಯೇಕ ನಿಯಮ ಬರೆದವು. ಬೆಟ್ಟದ ಮೇಲೆ ಭೂಭರ್ತಿ ತಾಣ ಕಟ್ಟುವುದನ್ನು ಬಿಡಬೇಕು, ಉಳಿಕೆ ಕಸಕ್ಕೆ ಕೆಳಗಿನ ಬಯಲಿನಲ್ಲಿ 25 ಕಿಲೋಮೀಟರ್ ಒಳಗೆ ಜಾಗ ಗುರುತಿಸಬೇಕು, ಸಿಗದಿದ್ದರೆ ಪ್ರಾದೇಶಿಕ ತಾಣಕ್ಕೆ ಪ್ರಯತ್ನಿಸಬೇಕು, ಬೆಟ್ಟದಲ್ಲಿ ಸಣ್ಣ ಸಣ್ಣ ಸಂಸ್ಕರಣಾ ಘಟಕಗಳಿಗೆ ಜಾಗ ಕೊಡಬೇಕು ಎಂದವು. ನಗರದ ಮಹಾಯೋಜನೆಯಲ್ಲೇ ಕಸದ ಜಾಗ ನಮೂದಾಗಬೇಕು, ದಿನಕ್ಕೆ 5 ಟನ್ ಮೀರಿದ ಘಟಕದ ಸುತ್ತ ಕಾಪುವಲಯ (ಬಫರ್ ವಲಯ) ಘೋಷಿಸಬೇಕು ಎಂದೂ ಹೇಳಿದವು. ಪ್ರವಾಸಿಗರಿಂದ ಊರ ಬಾಗಿಲಲ್ಲೇ ಕಸದ ಶುಲ್ಕ ಪಡೆಯಲು ಸ್ಥಳೀಯ ಸಂಸ್ಥೆಗೆ ಅಧಿಕಾರವನ್ನೂ ಕೊಟ್ಟವು. ಇಷ್ಟೆಲ್ಲ ಕೈಯಲ್ಲಿದ್ದರೂ ಬೆಟ್ಟದ ಮೇಲೆ ಕಸ ಸುರಿದದ್ದು ಅಜ್ಞಾನವಲ್ಲ, ಅಸಡ್ಡೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಬೆಟ್ಟಗಳು ಕುಸಿದಾಗ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇಳಿಜಾರನ್ನು ಮನಬಂದಂತೆ ಕಡಿದದ್ದರತ್ತ ಬೊಟ್ಟುಮಾಡಿತು. ಮರುವರ್ಷ ತೋರದಲ್ಲಿ, ಅದರ ಮರುವರ್ಷ ತಲಕಾವೇರಿಯಲ್ಲಿ ಬೆಟ್ಟ ಕುಸಿಯಿತು. 2019ರ ಆಗಸ್ಟ್‌ನಲ್ಲೇ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಮಳೆಗೆ ಜಾರಿ ಮಂದಾರದ ಮನೆಗಳನ್ನೂ ಅಡಿಕೆ ತೋಟಗಳನ್ನೂ ಮುಚ್ಚಿಹಾಕಿತು. ಇದನ್ನೆಲ್ಲ ಕಂಡ ಮೇಲೂ ಇಳಿಜಾರು ಕಡಿದು ಘಟಕ, ಬೂದಿಗುಂಡಿ, ಲಾರಿ ರಸ್ತೆ ಮಾಡುತ್ತೇವೆ ಎನ್ನುವುದು ಜನರ ಜೀವದ ಜೊತೆ ಆಡುವ ಆಟ.

ಜಾಗ ಹುಡುಕುವ ರೀತಿಯ ಬಗ್ಗೆಯೂ ಹೇಳಲೇಬೇಕು. ಕಸಕ್ಕೆ ಜಾಗ ಬೇಕೆಂದಾಗ ಕಣ್ಣು ಮೊದಲು ಬೀಳುವುದು ಪೈಸಾರಿಯ, ಅಂದರೆ ಸರ್ಕಾರಿ ಜಮೀನಿನ, ಮೇಲೆ. ದುಡ್ಡು ಕೊಡಬೇಕಿಲ್ಲ, ಕೇಳುವವರೂ ಕಡಿಮೆ. ಪೈಸಾರಿಯ ಅಂಚಿನಲ್ಲಿ ಬದುಕುವವರು ಹೆಚ್ಚಾಗಿ ತೋಟದ ಕಾರ್ಮಿಕರು, ಹಾಡಿಯ ಯರವರು, ಜೇನುಕುರುಬರು. ರೆಸಾರ್ಟಿನ ಕಸವನ್ನು ಹಾಡಿಯ ಬಾಗಿಲಿಗೆ ತಂದು ಹಾಕುವುದು ಯೋಜನೆಯಲ್ಲ, ಅನ್ಯಾಯ. ಬಯಲಿನ ಹೆಸರಲ್ಲಿ ಅದನ್ನು ನೆರೆಯ ಪಿರಿಯಾಪಟ್ಟಣದ ಹಳ್ಳಿಗಳ ತಲೆಗೆ ಕಟ್ಟುವುದೂ ಅಷ್ಟೇ ತಪ್ಪು. ಇಳಿಜಾರು, ನೀರಿನ ಸೆಲೆ, ಗಾಳಿಯ ದಿಕ್ಕು, ವಸತಿಯ ದೂರ ನೋಡಿ ಜಾಗ ಆರಿಸಬೇಕು. ಅಲ್ಲಿನ ಗ್ರಾಮಸಭೆಯ ಒಪ್ಪಿಗೆ ಪಡೆಯಬೇಕು.

ಹಾಗಾದರೆ ಕಸ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೇರಳದ ಆಲಪ್ಪುಳ ಉತ್ತರ ಕೊಟ್ಟಿದೆ. ಸರ್ವೋದಯಪುರದ ಜನ ನಗರದ ಕಸದ ಲಾರಿಗಳನ್ನು ತಡೆದಾಗ ಆ ಪಟ್ಟಣ ಹಸಿ ಕಸವನ್ನು ಮನೆ ಮತ್ತು ಬೀದಿಯ ಮಟ್ಟದಲ್ಲೇ ಗೊಬ್ಬರ, ಜೈವಿಕ ಅನಿಲ ಮಾಡತೊಡಗಿತು. 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಅದನ್ನು ಜಗತ್ತಿನ ಐದು ಮಾದರಿ ನಗರಗಳಲ್ಲಿ ಹೆಸರಿಸಿತು. ಅದೂ ಮಳೆಯೂರು, ಪ್ರವಾಸಿಗರ ಊರು. ಗೊಬ್ಬರ ಬೇಡುವ ಕಾಫಿ ತೋಟಗಳ ನಡುವಿರುವ ಕೊಡಗಿಗೆ ಇದು ಇನ್ನೂ ಸುಲಭ. ಸುಡಲೇಬೇಕಾದ ಒಣ ಕಸ ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಹೋಗಲಿ. ಹೋಟೆಲು, ಹೋಮ್‌ಸ್ಟೇಗಳು ತಮ್ಮ ಹಸಿ ಕಸವನ್ನು ತಮ್ಮ ಅಂಗಳದಲ್ಲೇ ಕರಗಿಸಲಿ. ನಮ್ಮ ಪಾಲಿನ ಕೆಲಸವೂ ಇದೆ. ಮನೆಯಲ್ಲಿ ಕಸ ಬೇರ್ಪಡಿಸದೆ ಬೀದಿಯಲ್ಲಿ ಘೋಷಣೆ ಕೂಗುವ ಹಕ್ಕು ಯಾರಿಗೂ ಇಲ್ಲ. ಸಣ್ಣ ಗೊಬ್ಬರ ಘಟಕವೂ ನಮ್ಮ ವಾರ್ಡಿಗೆ ಬೇಡ ಎನ್ನುವವರು ತಮ್ಮ ಕಸವನ್ನು ಯಾವ ಹಾಡಿಗೆ ಕಳಿಸುತ್ತಿದ್ದೇವೆ ಎಂದು ಹೇಳಬೇಕಾಗುತ್ತದೆ.

ಜಿಲ್ಲಾಡಳಿತ, ನಗರಸಭೆ ಮತ್ತು ನಗರಾಭಿವೃದ್ಧಿ ಪ್ರಾಧಿಕಾರ ಒಟ್ಟಿಗೆ ಕೂತು ಕಸದ ಜಾಗಗಳನ್ನು ಮಹಾಯೋಜನೆಯಲ್ಲಿ ಗುರುತಿಸಲಿ, ಕನ್ನಡದಲ್ಲಿ ಪ್ರಕಟಿಸಲಿ, ಆಕ್ಷೇಪಣೆ ಕೇಳಲಿ. ಅಲ್ಲಿಯವರೆಗೆ ಯಾವ ಯಂತ್ರಕ್ಕೂ ಟೆಂಡರ್ ಬೇಡ. ಓದುಗರಲ್ಲಿ ಒಂದು ಮನವಿ: ನಕ್ಷೆ ಹೊರಬಿದ್ದ ದಿನ ಅದನ್ನು ತೆರೆದು ನೋಡಿ, ನಿಮ್ಮ ಆಕ್ಷೇಪಣೆಯನ್ನು ಬರಹದಲ್ಲಿ ಸಲ್ಲಿಸಿ, ಅದಕ್ಕೆ ಸ್ವೀಕೃತಿ ಪಡೆಯಿರಿ.