ಬೀಗದ ಕೈ ಕೊಡದ ಯಜಮಾನಿಕೆ

ಕಾರ್ಮಿಕರಿಗೆ ಉಪದೇಶ ಮಾಡುವವರಿಗೆ ಈ ದೇಶದಲ್ಲಿ ಎಂದೂ ಬರವಿಲ್ಲ. ಹಿಂದೆ ‘ವಿಧೇಯರಾಗಿರಿ’ ಎಂದು ಹೇಳುತ್ತಿದ್ದವರು ಈಗ ರಾಗ ಬದಲಿಸಿದ್ದಾರೆ. ‘ಕೂಲಿಯಾಳಿನ ಮನೋಭಾವ ಬಿಡಿ, ಉದ್ಯಮಿಯ ಮನೋಭಾವ ಬೆಳೆಸಿಕೊಳ್ಳಿ, ನಿಮ್ಮ ಯಂತ್ರವೊಂದನ್ನೇ ನೋಡದೆ ಇಡೀ ಸಂಸ್ಥೆಯನ್ನು ನೋಡಿ, ಇದು ನಿಮ್ಮದೇ ಎಂದು ತಿಳಿದು ದುಡಿಯಿರಿ’ ಎನ್ನುತ್ತಾರೆ. ಮಾತು ಕೇಳಲು ಇಂಪಾಗಿದೆ, ಸುಳ್ಳೂ ಅಲ್ಲ. ಆದರೆ ಅರ್ಧಕ್ಕೆ ನಿಂತ ಮಾತು. ಉಳಿದರ್ಧವನ್ನು ನಾವು ಹೇಳಬೇಕಾಗಿದೆ.

ಶಿವಮೊಗ್ಗದ ಗಾಂಧಿ ಬಜಾರಿನ ಸಣ್ಣ ಅಂಗಡಿಕಾರನನ್ನೇ ನೋಡಿ. ಬೆಳಿಗ್ಗೆ ಅವನೇ ಕಸ ಗುಡಿಸುತ್ತಾನೆ, ಅವನೇ ತಕ್ಕಡಿ ಹಿಡಿಯುತ್ತಾನೆ, ರಾತ್ರಿ ಅವನೇ ಲೆಕ್ಕ ಬರೆಯುತ್ತಾನೆ. ಯಾವ ಸಾಮಾನು ತೀರಿತು, ಯಾರ ಬಾಕಿ ಬರಬೇಕು, ಹಬ್ಬಕ್ಕೆ ಏನು ತರಿಸಬೇಕು ಎಂಬುದೆಲ್ಲ ಅವನ ತಲೆಯಲ್ಲಿದೆ. ಈ ಸಮಗ್ರ ದೃಷ್ಟಿಯನ್ನು ಅವನಿಗೆ ಯಾರು ಬೋಧಿಸಿದರು? ಯಾರೂ ಇಲ್ಲ. ಗಲ್ಲಾಪೆಟ್ಟಿಗೆಯ ಬೀಗದ ಕೈ ಅವನ ಸೊಂಟದಲ್ಲಿದೆ, ಅಷ್ಟೆ. ಲಾಭ ನಷ್ಟ ತನ್ನದು, ತೀರ್ಮಾನವೂ ತನ್ನದು ಎಂದಾಗ ಕಣ್ಣು ತಾನಾಗಿ ತೆರೆಯುತ್ತದೆ. ಬೀಗದ ಕೈಯನ್ನು ತಮ್ಮಲ್ಲಿಟ್ಟುಕೊಂಡು, ಕಣ್ಣನ್ನು ಮಾತ್ರ ತೆರೆಯಿರೆಂದು ಆಳಿಗೆ ಹೇಳುವುದು ಉಪದೇಶವಲ್ಲ, ವಂಚನೆ.

ಸಮಗ್ರ ದೃಷ್ಟಿಯ ಪಾಠವನ್ನು ಭದ್ರಾವತಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. ಅಲ್ಲಿನ ಕಬ್ಬಿಣದ ಕಾರ್ಖಾನೆ ಹುಟ್ಟಿದ್ದೇ ಆ ದೃಷ್ಟಿಯಿಂದ. ಮೈಸೂರು ಸಂಸ್ಥಾನದ ಸರ್ಕಾರ 1918ರಲ್ಲಿ ಕಟ್ಟಲು ತೊಡಗಿ, 1923ರಲ್ಲಿ ಕುಲುಮೆ ಹೊತ್ತಿಸಿದ ಕಾರ್ಖಾನೆ ಅದು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಟ್ಟಿಗೆಯ ಇದ್ದಿಲು. ಕಟ್ಟಿಗೆ ಸುಡುವಾಗ ಹೋಗುವ ಹೊಗೆಯನ್ನೂ ಹಾಳುಮಾಡದೆ ಅದರಿಂದ ಮದ್ಯಸಾರ, ಟಾರು ತೆಗೆದರು. ಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದು ನಷ್ಟ ಬಂದಾಗ, 1923ರಿಂದ 1929ರವರೆಗೆ ಮಂಡಲಿಯ ಅಧ್ಯಕ್ಷರಾಗಿದ್ದ ವಿಶ್ವೇಶ್ವರಯ್ಯನವರು ಬಾಗಿಲು ಮುಚ್ಚಲಿಲ್ಲ, ಖರ್ಚು ತಗ್ಗಿಸಿದರು. ಬರಿಯ ಬೀಡು ಕಬ್ಬಿಣ ಮಾರುವುದಕ್ಕಿಂತ ಅದನ್ನು ಎರಕದ ಕೊಳವೆ ಮಾಡಿ ಮಾರುವ ದಾರಿ ಹಿಡಿಯಲಾಯಿತು. 1930ರ ದಶಕದಲ್ಲಿ ಉಕ್ಕು ಬಂತು, ಸಿಮೆಂಟೂ ಬಂತು. ವಿಶ್ವೇಶ್ವರಯ್ಯನವರು ಸಮಾಜವಾದಿಯಲ್ಲ, ಕಾರ್ಮಿಕ ನಾಯಕರೂ ಅಲ್ಲ. ಆದರೂ ಒಂದು ಮಾತು ಸತ್ಯ: ಅಲ್ಲಿ ನೋಡುವ ಕಣ್ಣು, ತೀರ್ಮಾನಿಸುವ ಕೈ ಎರಡೂ ಒಂದೇ ಕಡೆ ಇದ್ದವು.

ಆಮೇಲೆ ಏನಾಯಿತು? ಕೈ ದೂರ ದೂರ ಸರಿಯಿತು. 1989ರಲ್ಲಿ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು, 1998ರಲ್ಲಿ ಅದರಲ್ಲೇ ಲೀನವಾಯಿತು. ಕೆಮ್ಮಣ್ಣುಗುಂಡಿಯ ಅದಿರು ನಿಂತಿತು. ಬೇಕಾದ ಬಂಡವಾಳ ಬರಲಿಲ್ಲ. 2016ರಲ್ಲಿ ಮಾರಾಟದ ತೀರ್ಮಾನ. 2019ರಲ್ಲಿ ಕೊಳ್ಳುವವರಿಗೆ ಕರೆ. 2022ರಲ್ಲಿ ಸಾಕಷ್ಟು ಮಂದಿ ಬರಲಿಲ್ಲವೆಂದು ಅದೂ ರದ್ದು. 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ. ಅದೇ ವರ್ಷ ಬಾರ್ ಮಿಲ್ಲು ಮತ್ತೆ ತಿರುಗಿತು, ನಿಜ. ಆದರೆ ಅದಿರು ನಿಂತಾಗ ಕುಲುಮೆಯ ಮುಂದೆ ಬೆವರು ಸುರಿಸುವವನನ್ನು ಕೇಳಿದ್ದರೆ? ಬಂಡವಾಳ ತಡೆದಾಗ ಕೇಳಿದ್ದರೆ? ತಿಂಗಳಿಗೆ ಎಷ್ಟು ದಿನ ಕೆಲಸ ಸಿಕ್ಕೀತೆಂದು ತನಗೇ ಗೊತ್ತಿಲ್ಲದ ಗುತ್ತಿಗೆ ಕಾರ್ಮಿಕ ‘ಇದು ನನ್ನ ಕಾರ್ಖಾನೆ’ ಎಂದುಕೊಂಡೇ ಗೇಟಿನ ಮುಂದೆ ಕುಳಿತ. ಆಗ ಮಾತ್ರ ಅದು ಅವನದಾಗಿರಲಿಲ್ಲ!

ಪಕ್ಕದ ಕಾಗದದ ಕಾರ್ಖಾನೆಯ ಕಥೆಯೂ ಇದೇ. 1936ರಲ್ಲಿ ಸ್ಥಾಪನೆಯಾಗಿ 1977ರಲ್ಲಿ ಸರ್ಕಾರಿ ಕಂಪನಿಯಾದ ಎಂ.ಪಿ.ಎಂ.ಗೆ ಸಾವಿರಾರು ಎಕರೆ ನೆಡುತೋಪುಗಳಿದ್ದವು, ಸಕ್ಕರೆ ವಿಭಾಗವಿತ್ತು, ನಾಡಿನ ಪತ್ರಿಕೆಗಳಿಗೆ ಅಲ್ಲಿಂದ ಕಾಗದ ಹೋಗುತ್ತಿತ್ತು. 2015ರಲ್ಲಿ ಯಂತ್ರಗಳು ನಿಂತವು. ಯಂತ್ರ ನಿಂತರೆ ಬಡವಾಗುವವನು ಕಾರ್ಮಿಕನೊಬ್ಬನೇ ಅಲ್ಲ. ಸಂಬಳದ ದಿನ ತುಂಬುತ್ತಿದ್ದ ದಿನಸಿ ಅಂಗಡಿ, ಹೋಟೆಲು, ಬಟ್ಟೆ ಅಂಗಡಿಗಳ ಸಾಲದ ಪುಸ್ತಕ ತೆಗೆದು ನೋಡಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

‘ಕಾರ್ಮಿಕರಿಗೆ ಆಡಳಿತದ ತಿಳಿವಳಿಕೆ ಎಲ್ಲಿಂದ ಬರಬೇಕು?’ ಎಂದು ಕೇಳುವವರಿದ್ದಾರೆ. 1968ರಲ್ಲಿ ಮಂಗಳೂರಿನ ಬೀಡಿ ಮಾಲೀಕರು, ಹೊಸ ಕಾಯಿದೆಯಂತೆ ಸವಲತ್ತು ಕೊಡಲಾರೆವೆಂದು ಕಣ್ಣೂರಿನ ಶಾಖೆಗಳನ್ನು ಮುಚ್ಚಿದರು. ಮರುವರ್ಷ ಅದೇ ಬೀಡಿ ಕಟ್ಟುವ ಕೈಗಳು ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿ ದಶಕಗಳ ಕಾಲ ನಡೆಸಿದವು. ಪಶ್ಚಿಮ ಜರ್ಮನಿಯಲ್ಲಿ 1951ರ ಕಾಯಿದೆ ಕಲ್ಲಿದ್ದಲು ಮತ್ತು ಉಕ್ಕಿನ ದೊಡ್ಡ ಕಂಪನಿಗಳ ಮೇಲ್ವಿಚಾರಣಾ ಮಂಡಲಿಯಲ್ಲಿ ಕಾರ್ಮಿಕರಿಗೆ ಸರಿಸಮ ಸ್ಥಾನ ಕೊಟ್ಟಿತು. ಅಲ್ಲಿನ ಉಕ್ಕು ಕರಗಿ ನೀರಾಗಲಿಲ್ಲ. ನಮ್ಮ ಸಂವಿಧಾನಕ್ಕೂ 1976ರ ತಿದ್ದುಪಡಿ 43ಎ ವಿಧಿಯನ್ನು ಸೇರಿಸಿ, ಉದ್ದಿಮೆಗಳ ಆಡಳಿತದಲ್ಲಿ ಕಾರ್ಮಿಕರ ಭಾಗವಹಿಸುವಿಕೆಗೆ ಸರ್ಕಾರ ಕ್ರಮ ಕೈಗೊಳ್ಳಬೇಕೆಂದಿತು. 1990ರಲ್ಲಿ ರಾಜ್ಯಸಭೆಯಲ್ಲಿ ಮಸೂದೆಯೂ ಬಂತು. ಕಾಯಿದೆ ಮಾತ್ರ ಆಗಲಿಲ್ಲ. ತಿಳಿವಳಿಕೆಯ ಕೊರತೆ ಯಾರದು, ಹೇಳಲಿ!

ಕಾರ್ಮಿಕ ಬಂಧುಗಳಿಗೂ ಒಂದು ಮಾತು. ಬೋನಸ್ಸು ಭತ್ಯೆಗಳ ಚೌಕಾಸಿಗಷ್ಟೇ ಸಂಘ ಮೀಸಲಾದರೆ, ಆಡಳಿತದವರು ಹಾಕಿದ ಬೇಲಿಯೊಳಗೆ ನಾವೇ ಹೋಗಿ ಕುಳಿತಂತೆ. ಅದಿರು ಎಲ್ಲಿಂದ ಬರುತ್ತದೆ, ಯಾವ ದರಕ್ಕೆ, ಮಾಲು ಎಲ್ಲಿಗೆ ಹೋಗುತ್ತದೆ, ಯಾವ ಯಂತ್ರ ಏಕೆ ತಣ್ಣಗಿದೆ ಎಂಬ ಲೆಕ್ಕ ಸಂಘದ ಕಚೇರಿಯಲ್ಲಿರಬೇಕು. ಕಾರ್ಖಾನೆ ಉಳಿಸುವ ಯೋಜನೆ ಸಂಘದ ಕೈಯಿಂದಲೇ ಹೊರಡಬೇಕು. ವ್ಯಾಪಾರಿ ಬಂಧುಗಳು ಅದಕ್ಕೆ ಹೆಗಲು ಕೊಡಬೇಕು.

ನಾವು ಕೇಳುವುದು ಮೂರೇ. ಒಂದು, ಲೆಕ್ಕದ ಪುಸ್ತಕ ಕಾರ್ಮಿಕರ ಮುಂದೆ ತೆರೆಯಲಿ. ಎರಡು, ಆಡಳಿತ ಮಂಡಲಿಯಲ್ಲಿ ಕಾರ್ಮಿಕರೇ ಆರಿಸಿದ ಪ್ರತಿನಿಧಿಗಳು ಕೂರಲಿ. ಗುತ್ತಿಗೆ ಕಾರ್ಮಿಕನಿಗೂ ಮತವಿರಲಿ. ಮೂರು, ಮಾರುವ ಮುಚ್ಚುವ ಮಾತು ಬಂದಾಗ ಮೊದಲು ಅವರನ್ನು ಕೇಳಲಿ. ಇಷ್ಟನ್ನು ಕೊಟ್ಟ ದಿನ ಉಪದೇಶದ ಅಗತ್ಯವೇ ಇರುವುದಿಲ್ಲ. ಕೊಡಲಾರೆವೆನ್ನುವವರು ‘ನಿಮ್ಮದೇ ಕಾರ್ಖಾನೆ’ ಎಂಬ ಮಾತನ್ನು ಇಂದೇ ನಿಲ್ಲಿಸಲಿ.