ಸಮಾಜಶೋಧನೆಯ ಋಣ

ವಿಶ್ವವಿದ್ಯಾನಿಲಯದ ಆಶ್ರಯದಲ್ಲಿರುವ ಸಮಾಜವಿಜ್ಞಾನ ಸಂಸ್ಥೆಯ ಕರ್ತವ್ಯವೇನೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಬಹುಕಾಲದಿಂದ ಎರಡು ಪಕ್ಷಗಳುಂಟು. ಸಮಾಜದ ಸ್ಥಿತಿಗತಿಗಳನ್ನು ನಿಷ್ಪಕ್ಷಪಾತವಾಗಿ ಪರಿಶೀಲಿಸಿ, ಕಂಡ ಸತ್ಯವನ್ನು ಗ್ರಂಥಸ್ಥಗೊಳಿಸಿದಲ್ಲಿಗೆ ಅದರ ಹೊಣೆ ತೀರಿತು, ಜನರ ಕಷ್ಟನಿವಾರಣೆ ಸರ್ಕಾರಕ್ಕೂ ಸೇವಾಸಂಘಗಳಿಗೂ ಸೇರಿದ ಕಾರ್ಯ ಎಂಬುದು ಒಂದು ಪಕ್ಷ; ಯಾರ ಬಾಳನ್ನು ಕುರಿತು ಶೋಧನೆ ನಡೆಯುವುದೋ ಅವರೊಡನೆ ಬೆರೆತು ದುಡಿಯದ ಪಾಂಡಿತ್ಯ ವ್ಯರ್ಥವೆಂಬುದು ಇನ್ನೊಂದು. ಸಂಶೋಧನೆ ಬೇರೆ, ಜನರೊಡನಾಟ ಬೇರೆ ಎಂಬುದನ್ನು ಈ ಎರಡು ಪಕ್ಷಗಳೂ ಮೊದಲೇ ಒಪ್ಪಿಕೊಂಡು ವಾದಕ್ಕಿಳಿಯುತ್ತವೆ. ನನಗೆ ತೋರುವಂತೆ ದೋಷವಿರುವುದು ಅಲ್ಲಿಯೇ. ಸಮಾಜವಿಜ್ಞಾನದಲ್ಲಿ ಜನರೊಡನಾಟವನ್ನು ಸಂಶೋಧನೆ ಮುಗಿದ ಮೇಲೆ ಮಾಡತಕ್ಕ ದಾನಧರ್ಮವೆಂದು ಬಗೆಯುವುದು ತರವಲ್ಲ. ಶೋಧನೆ ಸತ್ಯವಾಗಬೇಕಾದರೆ ಆ ಒಡನಾಟ ಆದಿಯಿಂದಲೂ ಇರಲೇಬೇಕು.

ಬೇಸಗೆಯ ಮಧ್ಯಾಹ್ನ ಹಳ್ಳಿಯ ಜಗಲಿಯೊಂದರ ಮೇಲೆ ಪ್ರಶ್ನಾವಳಿ ಹಿಡಿದು ಕುಳಿತ ಸಂಶೋಧನ ವಿದ್ಯಾರ್ಥಿಯನ್ನು ನೋಡಿದವರಿಗೆ ಇದು ಅರಿವಾಗದಿರದು. ಜಮೀನೆಷ್ಟು, ಸಾಲವೆಷ್ಟು, ದುಡಿಯುವ ಕೈಗಳೆಷ್ಟು ಎಂದು ಆತ ಕ್ರಮವಾಗಿ ಕೇಳುತ್ತ ಹೋದಂತೆ, ಮನೆಯ ಯಜಮಾನನು ಅವನ ಮುಖವನ್ನೇ ನೋಡುತ್ತ, ಇವನು ಬ್ಯಾಂಕಿನವನೋ, ತಾಲ್ಲೂಕು ಕಚೇರಿಯವನೋ, ರೇಷನ್ ಕಾರ್ಡು ರದ್ದುಮಾಡಲು ಬಂದವನೋ ಎಂದು ಒಳಗೊಳಗೇ ಅಳೆದು, ಅದಕ್ಕೆ ತಕ್ಕ ಉತ್ತರ ಕೊಡುತ್ತಾನೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ಅವನ ಹೆಂಡತಿಗೆ ಕೈಸಾಲದ ಲೆಕ್ಕವೆಲ್ಲ ಬಾಯಿಪಾಠ. ಸಂಘದ ಕಂತು ಯಾವ ವಾರ ತಪ್ಪಿತು, ಕಿವಿಯ ಓಲೆ ಯಾವ ಹಬ್ಬಕ್ಕೆ ಮುಂಚೆ ಗಿರವಿಗೆ ಹೋಯಿತು ಎಂಬುದೂ ಅವಳಿಗೆ ಗೊತ್ತು. ಅವಳನ್ನು ಯಾರೂ ಕೇಳುವುದಿಲ್ಲ. “ಇದನ್ನೆಲ್ಲ ಬರ್ಕೊಂಡು ಹೋಗಿ ಏನ್ ಮಾಡ್ತೀರಿ ಸ್ವಾಮಿ?” ಎಂದು ಯಜಮಾನನು ಕೊನೆಗೆ ಕೇಳುವ ಮಾತಿಗೆ ಪ್ರಶ್ನಾವಳಿಯಲ್ಲಿ ಸ್ಥಳವಿಲ್ಲ. ಗ್ರಹಗತಿಯನ್ನು ಗಣಿಸುವ ಖಗೋಳಜ್ಞನನ್ನು ಗ್ರಹವು ತಿರುಗಿ ನೋಡದು. ಸಮಾಜಶೋಧಕನನ್ನಾದರೋ ಅವನು ಪರೀಕ್ಷಿಸಬಂದ ಜನರೇ ಮೊದಲು ಪರೀಕ್ಷಿಸಿ, ಆಮೇಲೆ ಸತ್ಯವನ್ನು ಕೊಡುತ್ತಾರೆ, ಇಲ್ಲವೆ ಬಚ್ಚಿಡುತ್ತಾರೆ. ವಿಶ್ವಾಸವಿಲ್ಲದೆ ದೊರೆತ ಅಂಕಿಅಂಶಗಳನ್ನು ಎಷ್ಟು ಸೂಕ್ಷ್ಮವಾದ ಗಣಿತಕ್ಕೆ ಒಳಪಡಿಸಿದರೂ ಮೂಲದ ಆ ಅಪನಂಬಿಕೆ ಅವುಗಳಿಂದ ತೊಲಗುವುದಿಲ್ಲ.

ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಚರಿತ್ರೆಯನ್ನು ಇಲ್ಲಿ ನೆನೆಯುವುದು ಉಚಿತ. 1936ರಲ್ಲಿ ಸಮಾಜಕಾರ್ಯದ ಶಾಲೆಯಾಗಿ ಅದು ಆರಂಭವಾದದ್ದು ನಾಗಪಾಡಾದ ನೆರೆಹೊರೆ ಕೇಂದ್ರದಲ್ಲಿ, ದುಡಿಯುವ ಜನ ಕಿಕ್ಕಿರಿದಿದ್ದ ಬಡಾವಣೆಯ ನಡುವೆ. ಮೊದಲ ನಿರ್ದೇಶಕರಾದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಆ ಕೇಂದ್ರವನ್ನು ಅದಕ್ಕೆ ಮುಂಚಿನಿಂದಲೇ ನಡೆಸುತ್ತಿದ್ದವರು. 1964ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಸಮಾನವಾದ ಮಾನ್ಯತೆ ದೊರೆತ ಮೇಲೂ ಸಂಸ್ಥೆ ಈ ಹುಟ್ಟುಗುಣವನ್ನು ಬಿಡಲಿಲ್ಲ. ವರದಕ್ಷಿಣೆಯ ಕಿರುಕುಳ ಮತ್ತು ಗಂಡನ ಮನೆಯ ಕ್ರೌರ್ಯ ಕಾನೂನಿನಲ್ಲಿ ಪ್ರತ್ಯೇಕ ಅಪರಾಧವೆನಿಸಿದ್ದು 1983ರಲ್ಲಿ. ಮರುವರ್ಷವೇ ಸಂಸ್ಥೆಯು ಮುಂಬಯಿಯ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಮಹಿಳೆಯರು ಹಾಗೂ ಮಕ್ಕಳಿಗಾಗಿ ವಿಶೇಷ ಘಟಕವೊಂದನ್ನು ತೆರೆಯಿತು. ಪೆಟ್ಟು ತಿಂದು ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿಗೆ “ಸಂಸಾರದ ವಿಷಯ, ಹೊಂದಿಕೊಂಡು ಹೋಗಮ್ಮ” ಎಂಬ ಉಪದೇಶ ದೊರೆಯುವುದು ನಮ್ಮ ನಾಡಿನಲ್ಲೆಲ್ಲ ಸಾಮಾನ್ಯ. ಘಟಕದ ಮೇಜಿನ ಎದುರು ಅವಳಿಗೆ ಸಮಾಜಕಾರ್ಯದಲ್ಲಿ ಶಿಕ್ಷಣ ಪಡೆದವರೊಬ್ಬರು ಸಿಗುತ್ತಾರೆ: ಅವಳ ಮಾತನ್ನು ತಡೆಯದೆ ಕೇಳುವುದು, ಗಂಡನ ಮನೆಯವರನ್ನು ಕರೆಸುವುದು, ತವರಿನಿಂದ ತಂದ ಒಡವೆ ಪಾತ್ರೆಗಳನ್ನು ಬಿಡಿಸಿಕೊಡುವುದು, ದೂರು ದಾಖಲಾಗುವಂತೆ ನೋಡಿಕೊಳ್ಳುವುದು, ತಂಗಲು ಆಶ್ರಯ ಹುಡುಕುವುದು ಅವರ ನಿತ್ಯದ ಕೆಲಸ. ಇಂಥ ಘಟಕಗಳನ್ನು ಮುಂದೆ ಮಹಾರಾಷ್ಟ್ರ ಸರ್ಕಾರವೇ ತನ್ನದಾಗಿ ಅಂಗೀಕರಿಸಿ ರಾಜ್ಯದ ಇತರೆಡೆಗಳಿಗೂ ವಿಸ್ತರಿಸಿತು. ಸಂಕಟದಲ್ಲಿರುವ ಮಕ್ಕಳಿಗಾಗಿ ಇರುವ 1098 ಎಂಬ ದೂರವಾಣಿ ಸೇವೆಯೂ 1996ರಲ್ಲಿ ಇದೇ ಸಂಸ್ಥೆಯ ಕ್ಷೇತ್ರಕಾರ್ಯದಿಂದ ಹುಟ್ಟಿ ದೇಶವ್ಯಾಪಿಯಾಯಿತು.

ಇದು ಸೇವೆಯಾಯಿತು, ಶೋಧನೆ ಎಲ್ಲಿ ಎಂದು ಕೇಳುವವರುಂಟು. ಮನೆಯೊಳಗಿನ ಹಿಂಸೆಯನ್ನು ಕುರಿತು ಅಪರಿಚಿತನೊಬ್ಬನು ಬಾಗಿಲಿಗೆ ಬಂದು ಕೇಳಿದರೆ ಯಾವ ಗೃಹಿಣಿ ಉತ್ತರ ಕೊಟ್ಟಾಳು? ತನಗೆ ನೆರವಾಗುವರೆಂಬ ಭರವಸೆಯುಳ್ಳ ಸ್ಥಳದಲ್ಲಿ ಮಾತ್ರ ಅವಳು ವರ್ಷಗಟ್ಟಲೆ ನುಂಗಿಕೊಂಡದ್ದನ್ನು ಹೊರಗಿಡುತ್ತಾಳೆ. ಹಾಗೆ ದೊರೆತ ತಿಳಿವಳಿಕೆಯನ್ನು ಬೇರೆ ಯಾವ ಮಾರ್ಗದಿಂದಲೂ ಪಡೆಯಲಾಗದು.

ಇದಕ್ಕೆ ಬರುವ ಪ್ರಬಲವಾದ ಆಕ್ಷೇಪವೆಂದರೆ, ಸಾಮೀಪ್ಯದಿಂದ ನಿಷ್ಪಕ್ಷಪಾತತೆ ಕೆಡುತ್ತದೆಂಬುದು. ಇದನ್ನು ನಾನು ಲಘುವಾಗಿ ಕಾಣಲಾರೆ. 1948ರಲ್ಲಿ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಮೈಸೂರಿಗೆ ಸಮೀಪದ ಹಳ್ಳಿಯೊಂದರಲ್ಲಿ ನೆಲಸಿ, ಅದಕ್ಕೆ ರಾಂಪುರವೆಂಬ ಹೆಸರಿಟ್ಟು ಅಧ್ಯಯನ ಮಾಡಿದಾಗ, ಅವರಿಗೆ ವಸತಿ ದೊರೆತದ್ದು ಊರಿನ ಪಟೇಲರ ಆಶ್ರಯದಲ್ಲಿ. ಆ ಕಾರಣದಿಂದ ಹಳ್ಳಿಯನ್ನು ಹೆಚ್ಚಾಗಿ ಮೇಲುಜಾತಿಯವರ ಕಡೆಯಿಂದ ಕಂಡೆನೆಂಬುದನ್ನು ಅವರೇ ಪ್ರಾಂಜಲವಾಗಿ ಹೇಳಿಕೊಂಡಿದ್ದಾರೆ. ‘ಊರು’ ಎಂದಾಗ ಪಟೇಲರ ಚಾವಡಿಯೂ ಊರೇ, ಹೊಲಗೇರಿಯೂ ಊರೇ. ಮೊದಲನೆಯದರೊಡನೆ ಬೆಳೆದ ಸ್ನೇಹ ಎರಡನೆಯದರ ಬಾಗಿಲನ್ನು ಮುಚ್ಚಬಲ್ಲದು. ಆದರೆ ಇದರಿಂದ ಸಿದ್ಧವಾಗುವುದು ದೂರ ನಿಲ್ಲಬೇಕೆಂಬುದಲ್ಲ, ಇನ್ನೂ ಹೆಚ್ಚಿನ ಮನೆಗಳ ಬಾಗಿಲಿಗೆ ಹೋಗಬೇಕೆಂಬುದು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಶ್ರೀನಿವಾಸರು ಸಂಸ್ಕರಿಸಿಟ್ಟಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದಾಗ, ಅವರು ನೆನಪನ್ನೇ ಮುಖ್ಯವಾಗಿ ಆಧರಿಸಿ ರಾಂಪುರದ ಗ್ರಂಥವನ್ನು ಬರೆಯಲು ಶಕ್ತರಾದರು. ಅಲ್ಲಿಯ ಜನರೊಡನೆ ಉಂಡು, ಕನ್ನಡದಲ್ಲಿ ಹರಟಿ, ಅವರ ವ್ಯಾಜ್ಯಗಳನ್ನು ಕುಳಿತು ಕೇಳಿದ್ದವರಿಗಲ್ಲದೆ ಇನ್ನಾರಿಗೆ ಇದು ಸಾಧ್ಯವಾದೀತು?

ಇಂದಿನ ಸಂಸ್ಥೆಗಳಲ್ಲಿ ಶೋಧನೆಯ ಆಯುಷ್ಯವನ್ನು ನಿರ್ಧರಿಸುವುದು ಅನುದಾನದ ಅವಧಿ. ಮದರಾಸು ವಿಶ್ವವಿದ್ಯಾನಿಲಯದ ಗಿಲ್ಬರ್ಟ್ ಸ್ಲೇಟರ್ ತಮ್ಮ ವಿದ್ಯಾರ್ಥಿಗಳನ್ನು ರಜಾಕಾಲದಲ್ಲಿ ಅವರವರ ಊರಿಗೇ ಪ್ರಶ್ನಾವಳಿ ಕೊಟ್ಟು ಕಳುಹಿಸಿ, 1918ರಲ್ಲಿ ಪ್ರಕಟಿಸಿದ ಗ್ರಾಮಾಧ್ಯಯನಗಳನ್ನು 1930ರ ದಶಕದಲ್ಲಿಯೂ ಅನಂತರವೂ ಬೇರೆ ವಿದ್ವಾಂಸರು ಮುಂದುವರಿಸಿದುದರಿಂದ, ಇರುವೇಲ್ಪಟ್ಟಿನಂಥ ಹಳ್ಳಿಯ ಭೂಮಿ ಕೂಲಿಗಳ ಕಥೆ ತಲೆಮಾರುಗಳುದ್ದಕ್ಕೂ ನಮಗೆ ದೊರೆತಿದೆ. ಆ ಸಾತತ್ಯ ನಮ್ಮಲ್ಲಿ ವಿರಳವಾಗುತ್ತಿದೆ. ಅದಕ್ಕಿಂತ ದುಃಖದ ಸಂಗತಿಯೆಂದರೆ ವರದಿಯ ಗತಿ. ಕನ್ನಡದಲ್ಲಿ ಕೇಳಿ ಪಡೆದ ಉತ್ತರಗಳು ಇಂಗ್ಲಿಷಿನ ಪ್ರಬಂಧಗಳಾಗಿ, ಉತ್ತರ ಕೊಟ್ಟವರು ಎಂದೂ ಕಾಲಿಡದ ಗ್ರಂಥಾಲಯಗಳನ್ನು ಸೇರುತ್ತವೆ. ಅಧ್ಯಾಪಕನ ಬಡ್ತಿಗೆ ಆ ಪ್ರಬಂಧದ ಲೆಕ್ಕವಿದೆ, ಹಳ್ಳಿಗೆ ಮರಳಿ ಹೋಗಿ ವಿವರಿಸಿದ ದಿನದ ಲೆಕ್ಕವಿಲ್ಲ. 1994ರಲ್ಲಿ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಕಾಮಗಾರಿಗಳ ಹಾಜರಿಪಟ್ಟಿಗಳನ್ನು ಊರಿನವರ ಮುಂದೆ ಗಟ್ಟಿಯಾಗಿ ಓದಲು ತೊಡಗಿದಾಗ, ಕೂಲಿಯನ್ನೇ ಮಾಡದವರ ಹೆಸರುಗಳೆಲ್ಲ ಬಯಲಾದುವು. ಸಂಶೋಧಕನ ಅಂಕಿಅಂಶಕ್ಕೂ ಅದೇ ಬಗೆಯ ಪರೀಕ್ಷೆ ಸಲ್ಲತಕ್ಕದ್ದು. ತಮ್ಮ ಊರಿನ ಲೆಕ್ಕವನ್ನು ಊರಿನವರಷ್ಟು ಚೆನ್ನಾಗಿ ತಿದ್ದಬಲ್ಲ ವಿದ್ವತ್ಸಭೆ ಬೇರೊಂದಿಲ್ಲ.

ಇದಕ್ಕೆ ಹೊಸ ಕಟ್ಟಡವಾಗಲಿ ಹೊಸ ಪೀಠವಾಗಲಿ ಬೇಕಾಗಿಲ್ಲ. ನಮ್ಮ ರಾಜ್ಯದ 1993ರ ಪಂಚಾಯತ್ ಕಾನೂನಿನಂತೆ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಹಳ್ಳಿಯೊಂದನ್ನು ಅಧ್ಯಯನ ಮಾಡಿದ ಪ್ರತಿಯೊಬ್ಬ ಸಂಶೋಧಕನೂ, ವ್ಯಕ್ತಿಗಳ ಗುಟ್ಟು ಹೊರಬೀಳದಂತೆ ಎಚ್ಚರ ವಹಿಸಿ, ತನ್ನ ನಿರ್ಣಯಗಳನ್ನು ಕನ್ನಡದಲ್ಲಿ ಆ ಸಭೆಯ ಮುಂದೆ ಓದಿ, ಅಲ್ಲಿ ಎದ್ದ ಆಕ್ಷೇಪಗಳನ್ನು ಮಹಾಪ್ರಬಂಧದಲ್ಲಿ ಸೇರಿಸಿದ ಹೊರತು ಅವನಿಗೆ ಪದವಿ ಸಲ್ಲದೆಂಬ ನಿಯಮವನ್ನು ನಮ್ಮ ವಿಶ್ವವಿದ್ಯಾನಿಲಯಗಳ ವಿದ್ಯಾವಿಷಯಕ ಪರಿಷತ್ತುಗಳು ಅಂಗೀಕರಿಸಬೇಕೆಂದು ನಾನು ವಿನಂತಿಸುತ್ತೇನೆ.